ಹತ್ತು ಕಿಲೊ ಹಸಿ ಬೀಜ: ಅಭಿವೃದ್ಧಿಯ ಸಿದ್ಧಾಂತಗಳೂ ಬಡ ದೇಶಗಳೂ

ಚಾಕೊಲೇಟಿನ ಮೂಲವಾದ ಕೊಕ್ಕೊ ಗಿಡದ ಕೋಡು (ಕಾಯಿ) ಒಡೆದರೆ ಒಳಗೆ 30ರಿಂದ 45 ಬೀಜ. ಲೋಳೆ ಸಮೇತ ತೂಗಿದರೆ ಸುಮಾರು 100 ಗ್ರಾಂ. ಹತ್ತು ಕಿಲೊ ಹಸಿ ಬೀಜಕ್ಕೆ ನೂರು ಕೋಡು ಒಡೆಯಬೇಕು. ಹುದುಗಿಸಿ ಒಣಗಿಸಿದ ಮೇಲೆ ಉಳಿಯುವುದು ಮೂರು, ಮೂರೂಕಾಲು ಕಿಲೊ. ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಅಡಕೆ ಮರಗಳ ಎಡೆಯಲ್ಲಿ ಈ ಗಿಡ ನೆಟ್ಟವರಿಗೆ ಇದು ಬಾಯಿಪಾಠವಾದ ಲೆಕ್ಕ. ಪಶ್ಚಿಮ ಆಫ್ರಿಕದ ಘಾನಾ ದೇಶದ ಅಶಾಂತಿ ಪ್ರಾಂತದ ರೈತನದೂ ಇದೇ ಲೆಕ್ಕ. (ಹೆಸರು ಕೇಳಿ ನಗಬೇಡಿ, ಅದು ಅಲ್ಲಿನ ಜನಾಂಗದ ಹೆಸರು. ನಮ್ಮ ಅಶಾಂತಿಗೂ ಅದಕ್ಕೂ ಸಂಬಂಧವಿಲ್ಲ.)

ಅಭಿವೃದ್ಧಿಯ ಸಿದ್ಧಾಂತಗಳನ್ನು ಪಠ್ಯಪುಸ್ತಕದ ಕ್ರಮದಲ್ಲಿ ಒಪ್ಪಿಸುತ್ತ ಹೋದರೆ ಅರ್ಧ ಗಂಟೆಯೊಳಗೆ ಸಭೆಗೆ ಜೊಂಪು ಹತ್ತುತ್ತದೆ. ಅದರ ಬದಲು ಈ ಹತ್ತು ಕಿಲೊ ಬೀಜವನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬ ಪಂಡಿತನನ್ನೂ ಕರೆದು ಒಂದೇ ಪ್ರಶ್ನೆ ಕೇಳೋಣ: ಇದರಿಂದ ಹುಟ್ಟಿದ ಲಾಭ ಎಲ್ಲಿಗೆ ಹೋಗಿ ತಂಗುತ್ತದೆ? ಈ ಪ್ರಶ್ನೆಯನ್ನು ಬದಿಗಿಟ್ಟ ಸಿದ್ಧಾಂತ ಶ್ರೀಮಂತ ದೇಶಕ್ಕೆ ಸಾಕಾಗಬಹುದು, ಬಡ ದೇಶಕ್ಕೆ ಸಾಲದು.

ಬಡ ದೇಶಗಳ 'ಅಭಿವೃದ್ಧಿ' ಜಗತ್ತಿನ ರಾಜಕೀಯದ ಮಾತಾದದ್ದು ಎರಡನೇ ಮಹಾಯುದ್ಧದ ನಂತರ. 1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಪದಗ್ರಹಣದ ಭಾಷಣದಲ್ಲಿ ಹಿಂದುಳಿದ ಪ್ರದೇಶಗಳಿಗೆ ವಿಜ್ಞಾನ, ತಂತ್ರಜ್ಞಾನದ ನೆರವು ಕೊಡುವ ಮಾತಾಡಿದರು. ಆದರೆ ಲಾಭದ ಜಾಡು ಹಿಡಿಯುವ ಕೆಲಸವನ್ನು ನಮ್ಮವರು ಅದಕ್ಕೂ ಮೊದಲೇ ಶುರು ಮಾಡಿದ್ದರು. ದಾದಾಭಾಯಿ ನವರೋಜಿ ವರ್ಷಗಟ್ಟಲೆ ಅಂಕಿಅಂಶ ಕೂಡಿಸಿ, ಭಾರತದ ಸಂಪತ್ತು ಇಂಗ್ಲೆಂಡಿಗೆ ಸೋರಿಹೋಗುತ್ತಿರುವ ಲೆಕ್ಕವನ್ನು 1901ರಲ್ಲಿ ಪುಸ್ತಕವಾಗಿ ತಂದರು. ಅವರನ್ನು ದೇಶಭಕ್ತರೆಂದು ನೆನೆಯುತ್ತೇವೆ. ಅಭಿವೃದ್ಧಿ ಅರ್ಥಶಾಸ್ತ್ರದ ಮೊದಲ ಸಾಲಿನಲ್ಲಿ ಕೂರಿಸುವುದಿಲ್ಲ. ಕೂರಿಸಬೇಕಿತ್ತು.

ಮೊದಲು ಹ್ಯಾರಡ್ ಮತ್ತು ಡೋಮರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು. ಒಬ್ಬರು 1939ರಲ್ಲಿ, ಇನ್ನೊಬ್ಬರು 1946ರಲ್ಲಿ ಬರೆದದ್ದು ಸೇರಿ ಒಂದು ಸೂತ್ರವಾಯಿತು. ಉಳಿತಾಯದ ಪ್ರಮಾಣವನ್ನು 'ಬಂಡವಾಳದ ಪ್ರಮಾಣ'ದಿಂದ ಭಾಗಿಸಿದರೆ ಬೆಳವಣಿಗೆಯ ದರ ಸಿಗುತ್ತದೆ. ಬಂಡವಾಳದ ಪ್ರಮಾಣವೆಂದರೆ ವರ್ಷಕ್ಕೆ ಒಂದು ರೂಪಾಯಿ ಹೆಚ್ಚುವರಿ ಉತ್ಪನ್ನ ಬರಲು ಎಷ್ಟು ರೂಪಾಯಿ ಹೂಡಬೇಕು ಎಂಬುದು. ಒಂದು ದೇಶ ತನ್ನ ಆದಾಯದಲ್ಲಿ ಶೇ. 12 ಉಳಿಸುತ್ತದೆ, ಬಂಡವಾಳದ ಪ್ರಮಾಣ 4 ಎಂದುಕೊಳ್ಳಿ. ಬೆಳವಣಿಗೆ ಶೇ. 3. ಜನಸಂಖ್ಯೆ ವರ್ಷಕ್ಕೆ ಶೇ. 2 ಏರಿದರೆ ತಲಾ ಆದಾಯಕ್ಕೆ ಉಳಿಯುವುದು ಶೇ. 1. ಆ ವೇಗದಲ್ಲಿ ಆದಾಯ ಇಮ್ಮಡಿಯಾಗಲು 70 ವರ್ಷ ಬೇಕು. ಅದೇ ಉಳಿತಾಯದಲ್ಲಿ ಬಂಡವಾಳದ ಪ್ರಮಾಣವನ್ನು 4ರಿಂದ 3ಕ್ಕೆ ಇಳಿಸಿದರೆ ಬೆಳವಣಿಗೆ ಶೇ. 4, ತಲೆಗೆ ಶೇ. 2, ಇಮ್ಮಡಿಯಾಗಲು 35 ವರ್ಷ. ಒಂದು ಪೈಸೆ ಹೆಚ್ಚು ಉಳಿಸದೆ ಅರ್ಧ ಅವಧಿ ಕಡಿತ! ಆದರೂ ಐವತ್ತು, ಅರವತ್ತರ ದಶಕದ ಯೋಜನಾಕಾರರ ಗಮನವೆಲ್ಲ ಭಾಗಾಕಾರದ ಮೇಲಿನ ಅಂಕಿಯಾದ ಉಳಿತಾಯದ ಮೇಲೆ. ಉಳಿತಾಯ ಹೆಚ್ಚಿಸಿ, ಸಾಲದಿದ್ದರೆ ವಿದೇಶೀ ನೆರವು ತನ್ನಿ. ಕೆಳಗಿನ ಅಂಕಿ, ಅಂದರೆ ಬಂಡವಾಳದ ಪ್ರಮಾಣ, ಯಾಕೆ ಏರುತ್ತದೆ ಎಂದು ವಿಚಾರಿಸಿದವರು ಕಡಿಮೆ.

ಯಾಕೆ ಏರುತ್ತದೆಂದು ತಿಳಿಯಲು ದಿಲ್ಲಿಗೆ ಹೋಗಬೇಕಿಲ್ಲ. ನಮ್ಮ ಯಾವುದಾದರೂ ತೋಡಿನ ಕಿಂಡಿ ಅಣೆಕಟ್ಟಿನ ಬಳಿ ಡಿಸೆಂಬರಿನಲ್ಲಿ ನಿಂತರೆ ಸಾಕು. ಕಾಂಕ್ರೀಟಿನ ಕಂಬಗಳಿಗೆ ದುಡ್ಡು ಸುರಿದಾಗಿದೆ. ನೀರು ನಿಲ್ಲುವುದು ಮಾತ್ರ ಕಿಂಡಿಗೆ ಹಲಗೆ ಇಳಿಸಿದರೆ, ಅದೂ ಹದ ನೋಡಿ ಇಳಿಸಿದರೆ. ಬೇಗ ಇಳಿಸಿದರೆ ಹಿಂಗಾರಿನ ಒಂದು ಜಡಿಮಳೆಗೆ ಮರದ ದಿಮ್ಮಿ, ಕಸಕಡ್ಡಿ ಬಂದು ಹಲಗೆಗೆ ಬಡಿದು ನೀರು ದಡ ಕೊರೆಯುತ್ತದೆ. ತಡವಾದರೆ ನಿಲ್ಲಿಸಲು ತೋಡಿನಲ್ಲಿ ನೀರೇ ಇರುವುದಿಲ್ಲ. ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಿ ಮೆಟ್ಟದಿದ್ದರೆ ಸಂದಿಯಲ್ಲಿ ಸೋರಿ ವಾರದಲ್ಲಿ ಖಾಲಿ. ಹಲಗೆಯನ್ನು ಮೇ ತಿಂಗಳಲ್ಲಿ ಎತ್ತಿ ನೆರಳಲ್ಲಿ ಜೋಡಿಸದಿದ್ದರೆ ಮುಂದಿನ ವರ್ಷಕ್ಕೆ ಗೆದ್ದಲಿನ ಪಾಲು. ಇಲ್ಲಿ ಹೂಡಿಕೆ ಆಗಿದೆ, ಉತ್ಪನ್ನ ಶೂನ್ಯ. ಸೂತ್ರದ ಭಾಷೆಯಲ್ಲಿ ಬಂಡವಾಳದ ಪ್ರಮಾಣ ಅನಂತ. ಹಿಂದಿನವರು ವರ್ಷ ವರ್ಷವೂ ಕಲ್ಲು, ಮಣ್ಣಿನಲ್ಲಿ ಕಟ್ಟುತ್ತಿದ್ದ ಕಟ್ಟಕ್ಕೆ ಬಂಡವಾಳ ಅತ್ಯಲ್ಪ. ಅದಕ್ಕೆ ಬೇಕಾದದ್ದು ತೋಡಿನ ಎರಡು ಬದಿಯ ಮನೆಗಳಿಂದ ಒಂದೇ ದಿನ ಆಳು ಬರುವ ಕಟ್ಟುಪಾಡು. ಆ ಕಟ್ಟುಪಾಡಿಗೆ ಹ್ಯಾರಡ್–ಡೋಮರ್ ಸೂತ್ರದಲ್ಲಿ ಅಕ್ಷರವೇ ಇಲ್ಲ.

ಇನ್ನೊಂದು ತೊಡಕೂ ಇದೆ. ಇಲ್ಲಿ ಉಳಿಸಿದ್ದು ಇಲ್ಲಿಯೇ ಹೂಡಿಕೆಯಾಗುತ್ತದೆ ಎಂದು ಸೂತ್ರ ನಂಬುತ್ತದೆ. ಗಲ್ಫಿನಿಂದ ಬಂದ ಹಣ ಕೇರಳದ ಬ್ಯಾಂಕುಗಳಲ್ಲಿ ಠೇವಣಿಯಾಗಿ ಕೂತದ್ದು ನಿಜ. ಅದರಲ್ಲಿ ದೊಡ್ಡ ಪಾಲು ಬಹುಕಾಲ ಸಾಲದ ರೂಪದಲ್ಲಿ ಬೇರೆ ರಾಜ್ಯಗಳ ಉದ್ಯಮಕ್ಕೆ ಹರಿಯಿತು. ಇಲ್ಲಿ ಉಳಿದದ್ದು ಮನೆಯಾಯಿತು, ಚಿನ್ನವಾಯಿತು.

ಎರಡನೆಯವರು ಆರ್ಥರ್ ಲೂಯಿಸ್. ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯಾ ದ್ವೀಪದವರು, ತಾವೇ ಬಡ ನಾಡಿನಲ್ಲಿ ಹುಟ್ಟಿ ಬೆಳೆದವರು, 1979ರಲ್ಲಿ ನೊಬೆಲ್ ಪಡೆದವರು. 1954ರ ಅವರ ಲೇಖನದ ತಿರುಳು ಸರಳ. ಹೊಲದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಜನ ದುಡಿಯುತ್ತಿದ್ದಾರೆ. ಒಬ್ಬ ಹೊರಟುಹೋದರೂ ಬೆಳೆ ಕಡಿಮೆಯಾಗದು. ಅವನು ಹೊಟ್ಟೆಪಾಡಿನ ಕೂಲಿಗಿಂತ ತುಸು ಹೆಚ್ಚಿಗೆ ಕಾರ್ಖಾನೆಗೆ ಬರುತ್ತಾನೆ. ಮಾಲೀಕ ಲಾಭವನ್ನು ಮತ್ತೆ ಯಂತ್ರಕ್ಕೆ ಹಾಕುತ್ತಾನೆ, ಇನ್ನಷ್ಟು ಜನ ಬರುತ್ತಾರೆ. ಹೆಚ್ಚುವರಿ ಆಳು ಮುಗಿದ ದಿನ ಕೂಲಿ ಏರತೊಡಗುತ್ತದೆ. ಇದು ಕೆಡುವ ಜಾಗಗಳು ಮೂರು: ಮಾಲೀಕ ಲಾಭವನ್ನು ಹೊರದೇಶಕ್ಕೆ ಸಾಗಿಸಬಹುದು; ಆಳಿನ ಬದಲು ಯಂತ್ರ ತರಬಹುದು; ಇಲ್ಲವೇ ಊಟದ ಸಾಮಾನಿನ ಬೆಲೆ ಏರಿ ಕೂಲಿಯನ್ನು ಎಳೆದು ಲಾಭವನ್ನೇ ನುಂಗಬಹುದು. ಮೂರನೆಯದರ ಬಗ್ಗೆ ಲೂಯಿಸ್ ತಾವೇ ಎಚ್ಚರಿಸಿದ್ದರು. ಘಾನಾ ಇನ್ನೂ ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತು ಆಗಿದ್ದಾಗ, 1953ರಲ್ಲಿ, ಅಲ್ಲಿನ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಮೊದಲು ಆಹಾರ ಬೆಳೆಯ ಇಳುವರಿ ಹೆಚ್ಚಿಸಿ, ಕೈಗಾರಿಕೆ ಆಮೇಲೆ ಎಂದಿದ್ದರು. 1957ರಲ್ಲಿ ದೇಶ ಸ್ವತಂತ್ರವಾದಾಗ ಪ್ರಧಾನಿ ಎನ್‌ಕ್ರುಮಾ ಅವರನ್ನೇ ಆರ್ಥಿಕ ಸಲಹೆಗಾರರನ್ನಾಗಿ ಕರೆಸಿಕೊಂಡರು. ಮರುವರ್ಷವೇ ಇಬ್ಬರಿಗೂ ಹೊಂದಾಣಿಕೆಯಾಗದೆ ಲೂಯಿಸ್ ಹೊರಟುಹೋದರು.

ಕಾಸರಗೋಡಿನಲ್ಲಿ ಲೂಯಿಸ್ ಹೇಳಿದ್ದು ವಿಚಿತ್ರ ರೀತಿಯಲ್ಲಿ ನಡೆಯಿತು. ಹೆಚ್ಚುವರಿ ಆಳು ಹೊರಟರು, ಆದರೆ ಊರಿನ ಕಾರ್ಖಾನೆಗಲ್ಲ, ಮುಂಬಯಿಗೆ, ದುಬಾಯಿಗೆ. ಕೂಲಿ ಏರಿತು. ಅಡಕೆ ಮರ ಹತ್ತುವವರು ಸಿಗದಾದರು. ಆ ಜಾಗಕ್ಕೆ ಅಸ್ಸಾಮ್, ಬಂಗಾಳ, ಒಡಿಶಾದವರು ಬಂದರು. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಗೊನೆ ಕೊಯ್ಯುತ್ತಿದ್ದಾರೆ, ಮದ್ದು ಬಿಡುತ್ತಿದ್ದಾರೆ. ಕೂಲಿ ಏರಿದಾಗ ತಂತ್ರಜ್ಞಾನ ಬರುತ್ತದೆ ಎಂಬ ಭಾಗ ಪುಸ್ತಕದಲ್ಲಿದ್ದ ಹಾಗೆಯೇ ನಡೆಯಿತು. ನಡುವಿನ ಅಧ್ಯಾಯ, ಅಂದರೆ ಕಾರ್ಖಾನೆ, ಮಾತ್ರ ಕಾಣೆ.

ಅಮೆರಿಕದ ಅರ್ಥಶಾಸ್ತ್ರಜ್ಞ ರೋಸ್ಟೋವರಿಗೆ ಹೆಚ್ಚು ಹೊತ್ತು ಬೇಡ. 1960ರಲ್ಲಿ ಅವರು ಹೇಳಿದ, ಪ್ರತಿ ದೇಶವೂ ದಾಟುವ ಬೆಳವಣಿಗೆಯ ಐದು ಹಂತಗಳನ್ನು ಅನೇಕರು ಪರೀಕ್ಷೆಗೆ ಓದಿದ್ದಾರೆ. ಹೂಡಿಕೆ ಆದಾಯದ ಶೇ. 5ರಿಂದ ಶೇ. 10 ದಾಟಿದರೆ ದೇಶ ವಿಮಾನದ ಹಾಗೆ ನೆಲ ಬಿಟ್ಟು ಏರುತ್ತದೆ ಎಂದರು. ಮೊದಲು ಏರಿದ ವಿಮಾನಗಳು ರನ್‌ವೇಯನ್ನು ಆಕ್ರಮಿಸಿಕೊಂಡಿದ್ದರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ.

ಅದನ್ನು ಹೇಳಿದವರು ಅರ್ಜೆಂಟೀನಾದ ರೌಲ್ ಪ್ರೆಬಿಷ್. 1949ರಲ್ಲಿ ಅವರೂ, ಹೆಚ್ಚುಕಡಿಮೆ ಅದೇ ಸಮಯದಲ್ಲಿ ವಿಶ್ವಸಂಸ್ಥೆಯಲ್ಲಿದ್ದ ಹಾನ್ಸ್ ಸಿಂಗರ್ ಕೂಡ, ಹಳೆಯ ಬೆಲೆ ಪಟ್ಟಿಗಳನ್ನು ಹರಡಿಕೊಂಡು ಒಂದು ಮಾತು ತೋರಿಸಿದರು. ಕಚ್ಚಾ ಮಾಲು ಮಾರಿ ಸಿದ್ಧ ವಸ್ತು ಕೊಳ್ಳುವವನು ದೀರ್ಘಕಾಲದಲ್ಲಿ ಅದೇ ವಸ್ತುವಿಗೆ ಹೆಚ್ಚು ಹೆಚ್ಚು ಮೂಟೆ ಕೊಡಬೇಕಾಗುತ್ತದೆ. ಕಾರಣ ಎರಡು. ಆದಾಯ ಇಮ್ಮಡಿಯಾದವನು ಇಮ್ಮಡಿ ಕಾಫಿ ಕುಡಿಯುವುದಿಲ್ಲ, ಇಮ್ಮಡಿ ಸಕ್ಕರೆ ತಿನ್ನುವುದಿಲ್ಲ. ಕಾರು, ಫ್ರಿಜ್ಜು ಕೊಳ್ಳುತ್ತಾನೆ. ಎರಡನೆಯದಾಗಿ, ಕಾರ್ಖಾನೆಯಲ್ಲಿ ಕೆಲಸ ಚುರುಕಾದರೆ ಅದರ ಫಲ ಸಂಬಳವಾಗಿ, ಲಾಭವಾಗಿ ಅಲ್ಲಿಯೇ ಉಳಿಯುತ್ತದೆ, ಏಕೆಂದರೆ ಅಲ್ಲಿ ಕಾರ್ಮಿಕ ಸಂಘವಿದೆ, ಕಂಪನಿಗಳಿಗೆ ಬೆಲೆ ಹಿಡಿದಿಡುವ ಬಲವಿದೆ. ತೋಟದಲ್ಲಿ ಇಳುವರಿ ಹೆಚ್ಚಾದರೆ ಬೆಲೆ ಬೀಳುತ್ತದೆ, ಫಲ ಕೊಳ್ಳುವವನಿಗೆ. ಕೊಕ್ಕೊದಂಥ ಬೆಳೆಯಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರುತ್ತದೆ. ಬೆಲೆ ಏರಿದ ವರ್ಷ ಎಲ್ಲರೂ ಗಿಡ ನೆಡುತ್ತಾರೆ. ಫಲ ಬರಲು ಮೂರು ನಾಲ್ಕು ವರ್ಷ. ಅಷ್ಟೊತ್ತಿಗೆ ಎಲ್ಲರದೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಬೆಲೆ ಇಳಿದಿರುತ್ತದೆ.

ಘಾನಾದಲ್ಲಿ 1947ರಿಂದ ಸರಕಾರಿ ಮಂಡಳಿಯೇ ಕೊಕ್ಕೊ ಕೊಳ್ಳುವ ವ್ಯವಸ್ಥೆ. ಬೆಲೆ ಒಳ್ಳೆಯದಿದ್ದಾಗ ರೈತನಿಗೆ ಕಡಿಮೆ ಕೊಟ್ಟು ಉಳಿಸುವುದು, ಬಿದ್ದಾಗ ಕೈಹಿಡಿಯುವುದು. ಕಾಗದದ ಮೇಲೆ ಚೆಂದದ ಯೋಜನೆ. ಉಳಿಸಿದ ದುಡ್ಡು ಸರಕಾರದ ಖರ್ಚಿಗೆ ಹೋಯಿತು. 1960ರ ದಶಕದ ನಡುವೆ ಬೆಲೆ ಕುಸಿದಾಗ ರೈತನ ಕೈಹಿಡಿಯಲು ಬೊಕ್ಕಸದಲ್ಲಿ ಏನೂ ಇರಲಿಲ್ಲ. 1966ರ ಫೆಬ್ರವರಿಯಲ್ಲಿ ಎನ್‌ಕ್ರುಮಾ ಸರಕಾರ ಉರುಳಿತು. ಆ ಹೊತ್ತಿಗೆ ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಎದ್ದಿತ್ತು. ಸುಮಾರು 80,000 ಜನ ಮನೆಮಠ ಬಿಟ್ಟರು. ವಿದ್ಯುತ್ತಿನ ಸಿಂಹಪಾಲು ಅಗ್ಗದ ದರದಲ್ಲಿ ವಿದೇಶೀ ಒಡೆತನದ ಅಲ್ಯೂಮಿನಿಯಂ ಕಾರ್ಖಾನೆಗೆ ಹೋಯಿತು. ತಮಾಷೆ ನೋಡಿ, ಘಾನಾದ ನೆಲದಲ್ಲೇ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ಇದ್ದರೂ ಆ ಕಾರ್ಖಾನೆ ನಡೆದದ್ದು ಹೊರಗಿನ ಅದಿರಿನಿಂದ ತೆಗೆದು ಹಡಗಿನಲ್ಲಿ ತಂದ ಅಲ್ಯೂಮಿನಾ ಪುಡಿಯಿಂದ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1958ರಲ್ಲಿ 'ಕೊಂಡಿ'ಗಳ ಮಾತು ಹೇಳಿದ್ದರು. ಒಂದು ಉದ್ಯಮ ಹಿಂದಕ್ಕೆ ಕಚ್ಚಾ ಮಾಲಿನವರನ್ನೂ ಮುಂದಕ್ಕೆ ಬಳಸುವವರನ್ನೂ ಎಳೆದು ತರಬೇಕು ಎಂದು. ಇಲ್ಲಿ ಹಿಂದಿನ ಕೊಂಡಿಯೂ ಮುಂದಿನ ಕೊಂಡಿಯೂ ಸಮುದ್ರದಾಚೆ ಇದ್ದವು.

ಈಗ ನಮ್ಮ ಬೀಜಕ್ಕೆ ಬರೋಣ. ಎಪ್ಪತ್ತರ ದಶಕದಲ್ಲಿ ಅಡಕೆ ತೋಟಕ್ಕೆ ಕೊಕ್ಕೊ ಬಂದದ್ದು ಕೊಳ್ಳುತ್ತೇವೆಂದ ಬಹುರಾಷ್ಟ್ರೀಯ ಕಂಪನಿಯೊಂದರ ಉತ್ತೇಜನದಿಂದ. 1980ರ ಆಸುಪಾಸಿನಲ್ಲಿ ಬೆಲೆ ಬಿತ್ತು, ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ಕೆಲವರು ಗಿಡ ಕಡಿದರು. ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. 1973ರ ಜುಲೈ 11ರಂದು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ, ಅಡಕೆ ಬೆಲೆ ಕುಸಿತದ ಪೆಟ್ಟಿನಿಂದ ಹುಟ್ಟಿದ, ಕರ್ನಾಟಕ ಮತ್ತು ಕೇರಳ ಎರಡಕ್ಕೂ ಸೇರಿದ ಸಹಕಾರಿ ಸಂಸ್ಥೆ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಶುರುವಾಯಿತು. ಪ್ರೆಬಿಷ್ ಹೇಳಿದ ಮದ್ದೂ ಅದೇ: ಕಚ್ಚಾ ಮಾಲು ಮಾರಬೇಡ, ಪಕ್ಕಾ ಮಾಡು.

ಪಕ್ಕಾ ಮಾಡುವುದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಚಾಕೊಲೇಟಿನ ಪರಿಮಳ ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ. ಅದು ಹುದುಗಿನಲ್ಲಿ ಹುಟ್ಟಿ, ಹುರಿಯುವಾಗ ಹೊರಬರುತ್ತದೆ. ಹಸಿ ಬೀಜವನ್ನು ಬುಟ್ಟಿಗೋ ಮರದ ಪೆಟ್ಟಿಗೆಗೋ ತುಂಬಿ ಬಾಳೆಲೆ, ಗೋಣಿ ಮುಚ್ಚುತ್ತಾರೆ. ಲೋಳೆ ಕರಗಿ ಕೆಳಗೆ ಇಳಿಯಲು ದಾರಿ ಬೇಕು. ಶಾಖ ಏರುತ್ತ 45ರಿಂದ 50 ಡಿಗ್ರಿಯವರೆಗೆ ಹೋಗುತ್ತದೆ. ಆ ಕಾವಿನಲ್ಲಿ, ಹುಳಿಯಲ್ಲಿ ಮೊಳಕೆ ಸಾಯುತ್ತದೆ, ಒಗರು ಇಳಿಯುತ್ತದೆ. ಮೂರನೇ ದಿನ ಮತ್ತು ಐದನೇ ದಿನ ಬೀಜ ತಿರುವಿ ಹಾಕಬೇಕು, ಇಲ್ಲವಾದರೆ ನಡುವಿನದು ಹದವಾಗಿ ಅಂಚಿನದು ಹಾಗೇ ಉಳಿಯುತ್ತದೆ. ಆರು ದಿನದ ಬಳಿಕ ಒಣಗಿಸಿ ತೇವಾಂಶ ಶೇ. 6ರಿಂದ 7ಕ್ಕೆ ತರಬೇಕು. ಶೇ. 8 ದಾಟಿದರೆ ಬೂಸ್ಟು. ಹೊಗೆ ತಾಗಿದರೆ ಆ ವಾಸನೆ ಚಾಕೊಲೇಟಿನವರೆಗೂ ಹೋಗುತ್ತದೆ. ಬೀಜ ಕತ್ತರಿಸಿ ನೋಡಿದಾಗ ಒಳಗೆ ಕಂದು ಬಣ್ಣ, ಬಿರುಕು ಕಂಡರೆ ಸರಿ. ನೇರಳೆಯೋ ಸ್ಲೇಟಿನ ಬಣ್ಣವೋ ಇದ್ದರೆ ಹುದುಗು ಸಾಲದು.

ತೊಡಕು ಇರುವುದು ಪ್ರಮಾಣದಲ್ಲಿ. ಎರಡು ಮೂರು ಕಿಲೊ ಬೀಜವನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಕಾವೇ ಏಳುವುದಿಲ್ಲ, ಬೀಜ ಹುದುಗುವ ಬದಲು ಕೊಳೆಯುತ್ತದೆ. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ. ಐವತ್ತು ಗಿಡದ ರೈತನೊಬ್ಬ ವಾರಕ್ಕೊಮ್ಮೆ ಕೊಯ್ದು ಇದನ್ನೆಲ್ಲ ಒಬ್ಬನೇ ಮಾಡುವುದು ಕಷ್ಟ. ಹಸಿ ಬೀಜವನ್ನು ಒಂದೆಡೆ ಕೂಡಿಸಿ ಹುದುಗಿಸುವವರು ಬೇಕು. ಕೂಡಿಸುವವನು ವ್ಯಾಪಾರಿಯಾದರೆ ಲಾಭ ಅವನಲ್ಲಿ ತಂಗುತ್ತದೆ, ಸಂಘವಾದರೆ ಒಂದಷ್ಟು ಹಿಂದಿರುಗುತ್ತದೆ. ಸಹಕಾರಿ ತತ್ತ್ವದ ಮೇಲೆ ಭಾಷಣಗಳು ಬಹಳ ಆಗಿವೆ. ಬೀಜದ ಕಾವು ಅವೆಲ್ಲಕ್ಕಿಂತ ಗಟ್ಟಿಯಾದ ವಾದ.

ಹಾಗಾದರೆ ಘಾನಾ ಕೂಡ ಪುತ್ತೂರಿನ ಹಾಗೆ ಮಾಡಲಿ ಎನ್ನಬಹುದೇ? ಅಷ್ಟು ಸಲೀಸಲ್ಲ. ಪುತ್ತೂರಿನ ಬೆನ್ನಿಗೆ ನೂರು ಕೋಟಿ ಮೀರಿದ ಜನರ ಒಳಮಾರುಕಟ್ಟೆ ಇದೆ, ಆಮದು ಸುಂಕದ ಬೇಲಿ ಇದೆ, ದೇಶದಲ್ಲೇ ಸಿಗುವ ಸಕ್ಕರೆ, ಹಾಲಿನಪುಡಿ ಇದೆ. ಕೊಕ್ಕೊ ಬೀಜವೇ ಇಲ್ಲಿ ಬೇಡಿಕೆಗೆ ಸಾಲದೆ ಹೊರಗಿನಿಂದ ತರಿಸಬೇಕು. ಘಾನಾದ ಒಳಮಾರುಕಟ್ಟೆ ಸಣ್ಣದು. ಯುರೋಪಿನ ಅಂಗಡಿಗೆ ಹೋಗಬೇಕು. ಸಿರಿವಂತ ದೇಶಗಳ ಸುಂಕದ ಪಟ್ಟಿ ಸಾಮಾನ್ಯವಾಗಿ ಬೀಜಕ್ಕೆ ಸಡಿಲ, ಪುಡಿಗೆ, ಚಾಕೊಲೇಟಿಗೆ ಬಿಗಿ. ಆಫ್ರಿಕದ ಹಲವು ದೇಶಗಳಿಗೆ ಈಗ ರಿಯಾಯಿತಿ ಇದೆ, ಆದರೂ ಬ್ರಾಂಡು, ಶೀತಲ ಸಾಗಣೆ, ಅಂಗಡಿಯ ಕಪಾಟು ಎಲ್ಲವೂ ಅಲ್ಲಿನವರ ಕೈಯಲ್ಲಿವೆ. 2024ರಲ್ಲಿ ರೋಗ, ಹವಾಮಾನದ ಹೊಡೆತಕ್ಕೆ ಪಶ್ಚಿಮ ಆಫ್ರಿಕದ ಬೆಳೆ ಕೈಕೊಟ್ಟು ನ್ಯೂಯಾರ್ಕಿನಲ್ಲಿ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲೂ ಹಸಿ ಬೀಜಕ್ಕೆ ಕಂಡರಿಯದ ಬೆಲೆ ಬಂತು. ಘಾನಾದ ಮಂಡಳಿ ಬೆಳೆ ಬರುವ ಮೊದಲೇ ಹಳೆಯ ಬೆಲೆಗೆ ಮಾರಿಟ್ಟಿತ್ತು; ಏರಿಕೆಯ ಬಹುಪಾಲು ಅಲ್ಲಿನ ರೈತನಿಗೆ ಮುಟ್ಟಲಿಲ್ಲ.

ಬೇಲಿ ಹಾಕಿ ಉದ್ಯಮ ಬೆಳೆಸುವ ವಿದ್ಯೆ ಲ್ಯಾಟಿನ್ ಅಮೆರಿಕದಲ್ಲಿ, ನಮ್ಮಲ್ಲಿ ಎಷ್ಟೋ ಕಡೆ ಕೆಟ್ಟದ್ದು ಬೇಲಿ ತೆಗೆಯುವ ದಿನವನ್ನು ಗೊತ್ತು ಮಾಡದೆ ಇದ್ದುದರಿಂದ. ದಕ್ಷಿಣ ಕೊರಿಯಾ ಮೊದಲು ಭೂಮಿ ಹಂಚಿತು. ಅರವತ್ತರ ದಶಕದಿಂದ ಕಂಪನಿಗಳಿಗೆ ಅಗ್ಗದ ಸಾಲ ಕೊಟ್ಟಿತು, ಜೊತೆಗೆ ರಫ್ತಿನ ಗುರಿಯನ್ನೂ ಕೊಟ್ಟಿತು. ಅಧ್ಯಕ್ಷರೇ ಕೂತು ತಿಂಗಳು ತಿಂಗಳು ಲೆಕ್ಕ ಕೇಳುತ್ತಿದ್ದರು. ಗುರಿ ಮುಟ್ಟದವನ ಸಾಲಕ್ಕೆ ಕತ್ತರಿ. ಉಕ್ಕಿನ ಕಾರ್ಖಾನೆಗೆ ವಿದೇಶೀ ಸಾಲ ಸಿಗದಾಗ ಜಪಾನಿನಿಂದ ಬಂದ ಪರಿಹಾರದ ಹಣ ಹಾಕಿ 1973ರಲ್ಲಿ ಉತ್ಪಾದನೆ ತೆಗೆದರು. ಅದು ಸರ್ವಾಧಿಕಾರದ ಕಾಲವೂ ಹೌದು, ಕಾರ್ಮಿಕರನ್ನು ಹತ್ತಿಕ್ಕಿದ ಕಾಲವೂ ಹೌದು. ಅದನ್ನು ಮುಚ್ಚಿಟ್ಟು ಕೊರಿಯಾವನ್ನು ಹೊಗಳುವವರ ಮಾತಿಗೆ ಅರ್ಧ ಬೆಲೆಯಷ್ಟೇ. ಎಂಬತ್ತರ ದಶಕದಲ್ಲಿ ಸಾಲದ ಶೂಲಕ್ಕೆ ಸಿಕ್ಕ ದೇಶಗಳಿಗೆ ವಿಶ್ವಬ್ಯಾಂಕು, ಐಎಂಎಫ್‌ಗಳಿಂದ ಬಂದ ಚೀಟಿ ಬೇರೆಯೇ: ಸುಂಕ ಇಳಿಸಿ, ಸಬ್ಸಿಡಿ ಕಡಿಯಿರಿ, ಸರಕಾರಿ ಉದ್ಯಮ ಮಾರಿಬಿಡಿ. 1989ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ವಿಲಿಯಮ್ಸನ್ ಅದಕ್ಕೆ ವಾಷಿಂಗ್ಟನ್ ಒಮ್ಮತ ಎಂದು ಹೆಸರಿಟ್ಟರು. ಎಲ್ಲ ರೋಗಿಗೂ ಒಂದೇ ಕಷಾಯ.

ಅಮರ್ತ್ಯ ಸೇನ್ ಪ್ರಶ್ನೆಯನ್ನೇ ಬದಲಿಸಿದರು. ಆದಾಯ ಎಷ್ಟು ಎನ್ನುವ ಮೊದಲು, ಆ ಆದಾಯದಿಂದ ಮನುಷ್ಯ ಏನಾಗಬಲ್ಲ, ಏನು ಮಾಡಬಲ್ಲ ಎಂದು ಕೇಳಿದರು. ಕೇರಳ ಈ ವಾದಕ್ಕೆ ಮೊದಲ ಸಾಕ್ಷಿಯಾಯಿತು. ಕಡಿಮೆ ಆದಾಯದಲ್ಲೂ ಶಾಲೆ, ಆಸ್ಪತ್ರೆ, ರೇಶನ್ ಅಂಗಡಿ, ಭೂಸುಧಾರಣೆಯಿಂದ ಆಯುಷ್ಯ ಹೆಚ್ಚಬಲ್ಲದು ಎಂದು ತಿರುವನಂತಪುರದ ಅಧ್ಯಯನ ಕೇಂದ್ರ 1975ರಲ್ಲಿ ವಿಶ್ವಸಂಸ್ಥೆಗಾಗಿ ಮಾಡಿದ ವರದಿ ತೋರಿಸಿತು. 1970ರ ಜನವರಿ 1ರಿಂದ ಗೇಣಿ ರದ್ದಾಗಿತ್ತು. ಅದರ ಫಲ ಉಂಡ ಒಕ್ಕಲು ಮನೆಗಳು ಕಾಸರಗೋಡಿನಲ್ಲೂ ಇವೆ.

ಆದರೆ ರಾಜ್ಯದ ಸರಾಸರಿಯ ನೆರಳಿನಲ್ಲಿ ಅಂಚಿನ ಜಿಲ್ಲೆ ಮರೆಯಾಗುತ್ತದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಕೆಳಗೆ ತೆರೆದ ಬಾವಿ, ತೋಡು, ಗುಡ್ಡ ಕೊರೆದ ಸುರಂಗದಿಂದ ಬಂದು ಮದಕ (ಕೆರೆ) ತುಂಬುವ ಕುಡಿಯುವ ನೀರು. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಆ ವಿಷ ಕೊಂಡದ್ದೂ ವಹಿವಾಟು, ಗೇರುಬೀಜ ಮಾರಿದ್ದೂ ಉತ್ಪನ್ನ, ಆಮೇಲೆ ಮಂಗಳೂರಿನ ಆಸ್ಪತ್ರೆಗೆ ಕಟ್ಟಿದ ಬಿಲ್ಲೂ ಬೆಳವಣಿಗೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ, ಮಂಗಳೂರಿಗೆ ಹೋಗುವ ದಾರಿಯ ತಲಪಾಡಿಯಲ್ಲಿ ರಾಜ್ಯದ ಗಡಿ ಮುಚ್ಚಿ ಆಂಬುಲೆನ್ಸುಗಳು ನಿಂತಾಗ, ಆಸ್ಪತ್ರೆ ಕೆಲವೇ ಮೈಲಿ ದೂರದಲ್ಲಿದೆ ಎಂಬುದಕ್ಕೂ ಅದು ಕೈಗೆ ಸಿಗುತ್ತದೆ ಎಂಬುದಕ್ಕೂ ಇರುವ ಅಂತರ ಈ ಜಿಲ್ಲೆಗೆ ತಿಳಿಯಿತು. ಸೇನ್ ಹೇಳುವ 'ಸಾಮರ್ಥ್ಯ' ಆ ಅಂತರದಲ್ಲಿದೆ. ಹಾಗೆಯೇ, ಕೇರಳದ ಈ ಜಿಲ್ಲೆಯ ಕನ್ನಡಿಗರಿಗೆ ಸವಲತ್ತಿನ ಅರ್ಜಿ ಓದಲು ಬಾರದ ಭಾಷೆಯಲ್ಲಿ ಬಂದರೆ, ಸವಲತ್ತು ಕಾಗದದಲ್ಲಿದ್ದೂ ಮನೆಗೆ ಬಾರದು. ಕನ್ನಡದಲ್ಲಿ ಅರ್ಜಿ ಕೇಳುವುದು ಭಾಷಾಭಿಮಾನದ ವಿಷಯವೆಂದು ಕೆಲವರು ನಗುತ್ತಾರೆ. ಅದು ಅಭಿವೃದ್ಧಿ ಅರ್ಥಶಾಸ್ತ್ರದ ವಿಷಯ.

ಇತ್ತೀಚಿನ ನೊಬೆಲ್‌ಗಳ ಬಗ್ಗೆ ಚುಟುಕಾಗಿ. 2019ರ ಬ್ಯಾನರ್ಜಿ, ಡುಫ್ಲೊ, ಕ್ರೆಮರ್ ಔಷಧ ಪರೀಕ್ಷೆಯ ಮಾದರಿಯಲ್ಲಿ ಸಣ್ಣ ಸಣ್ಣ ಯೋಜನೆಗಳನ್ನು ಒರೆಗೆ ಹಚ್ಚಿದರು. ಯಾವ ಮಾತ್ರೆ ಕೆಲಸ ಮಾಡುತ್ತದೆಂದು ಗೊತ್ತಾಗುತ್ತದೆ, ಕೊಕ್ಕೊ ಬೆಲೆ ಯಾರು ಗೊತ್ತು ಮಾಡುತ್ತಾರೆಂದು ಗೊತ್ತಾಗುವುದಿಲ್ಲ. 2009ರ ಎಲಿನರ್ ಆಸ್ಟ್ರಂ ನಮಗೆ ಹೆಚ್ಚು ಹತ್ತಿರ. ನೀರು, ಕಾಡು, ಮೀನುಗಳನ್ನು ಬಳಸುವ ಜನರೇ ಕಟ್ಟುಪಾಡು ಮಾಡಿಕೊಂಡು ಕಾಪಾಡಬಲ್ಲರು, ಯಾರು ಪಾಲುದಾರರು, ತಪ್ಪಿದವರಿಗೆ ಎಷ್ಟು ದಂಡ, ಜಗಳ ಬಿಡಿಸುವವರು ಯಾರು ಎಂಬುದು ಸ್ಪಷ್ಟವಿದ್ದರೆ ಎಂದರು ಅವರು.

ಕೇರಳದಲ್ಲಿ ಊರಿನವರೇ ಊರಿನ ಯೋಜನೆ ರೂಪಿಸುವ 1996ರ ಜನಕೀಯ ಯೋಜನೆಯ ಬಳಿಕ ಯೋಜನಾ ಹಣದ ಮೂರನೇ ಒಂದಂಶಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಬಂತು. ವಾರ್ಡಿನ ಮತದಾರರಲ್ಲಿ ಶೇ. 10 ಸೇರಿದರೆ ಗ್ರಾಮಸಭೆಗೆ ಕೋರಂ. ಸಹಿ ಹಾಕಿ ಚಾ ಕುಡಿದು ಏಳುವ ಮೊದಲು ಅಲ್ಲಿ ಕೇಳಬಹುದಾದ ಪ್ರಶ್ನೆಗಳಿವೆ. ಹೊಸ ಕಿಂಡಿ ಅಣೆಕಟ್ಟಿನ ಅಂದಾಜು ಪಟ್ಟಿ ಬಂದಾಗ ಸಿಮೆಂಟು, ಕಬ್ಬಿಣದ ಸಾಲುಗಳ ಕೆಳಗೆ ನೋಡಿ. ಹಲಗೆ ಎಷ್ಟು, ಯಾವ ಮರದ್ದು, ಮಳೆಗಾಲದಲ್ಲಿ ಯಾರ ಕೊಟ್ಟಿಗೆಯಲ್ಲಿ ಇಡುವುದು, ಯಾವ ವಾರ ಯಾರು ಇಳಿಸುವುದು, ಅವರ ಕೂಲಿ ಯಾವ ಲೆಕ್ಕದಿಂದ. ಆ ಸಾಲುಗಳು ಇಲ್ಲದಿದ್ದರೆ ಪಟ್ಟಿಯನ್ನು ಹಿಂದಕ್ಕೆ ಕಳಿಸಿ.